ಅಮೆರಿಕಾ ಸ್ವಾತಂತ್ರ್ಯಘೋಷಣೆಯಲ್ಲಿ ‘ಸರ್ವ’ಶಬ್ದದ ವಿಚಾರ

ದಾರ್ಶನಿಕರ ಗ್ರಂಥಗಳಿಂದ ರಾಜ್ಯಕ್ರಾಂತಿಗಳು ಹುಟ್ಟಿದುವೆಂಬ ಮಾತು ಪಾಠಪುಸ್ತಕಗಳಲ್ಲಿ ಸಿದ್ಧಾಂತವೆಂಬಂತೆ ನೆಲೆನಿಂತಿದೆ. ಲಾಕನು ಬರೆದನು, ಅಮೆರಿಕದವರು ಎದ್ದರು. ರೂಸೋ ಬರೆದನು, ಬಾಸ್ತೀಯ ಕೋಟೆಯು ಬಿದ್ದಿತು ಎಂದು ವಿದ್ಯಾರ್ಥಿಗಳು ಒಪ್ಪಿಸುತ್ತಾರೆ. ಇದಕ್ಕೆ ಪ್ರತಿಯಾಗಿ, ತೆರಿಗೆ, ಸಾಲ, ಹಸಿವು, ಯುದ್ಧ ಇವೇ ಕ್ರಾಂತಿಗೆ ಕಾರಣಗಳು, ಗ್ರಂಥಗಳು ಗೆದ್ದವನ ಮುಂದೆ ಬಿರುದು ಹೊಗಳುವ ವಂದಿಮಾಗಧರು ಮಾತ್ರ ಎಂದು ಹೇಳುವ ಐತಿಹಾಸಿಕರೂ ಉಂಟು. ಈ ಎರಡು ಪಕ್ಷಗಳವರೂ ಗ್ರಂಥದ ಹೆಸರನ್ನು ಹೇಳುವರೇ ಹೊರತು ಅದರ ವಾಕ್ಯವನ್ನು ಪದಶಃ ಪರಿಶೀಲಿಸುವುದು ವಿರಳ. ವಾಕ್ಯವನ್ನು ಪದವಿಟ್ಟು ನೋಡುವುದೇ ಕಸುಬಾಗಿರುವ ನಮ್ಮಂಥವರಿಗೆ ಇದು ಕೊರತೆಯಾಗಿ ತೋರುತ್ತದೆ. ಆದುದರಿಂದ ಪ್ರಕೃತ ಲೇಖನದಲ್ಲಿ ೧೭೭೬ರ ಅಮೆರಿಕಾ ಸ್ವಾತಂತ್ರ್ಯಘೋಷಣೆಯನ್ನು ಒಂದು ವಾಕ್ಯಸಂದರ್ಭವನ್ನಾಗಿ ತೆಗೆದುಕೊಂಡು, ಅದರಲ್ಲಿ ‘ಎಲ್ಲ ಮನುಷ್ಯರು’ ಎಂಬ ಅರ್ಥವನ್ನು ಕೊಡುವ ಪದವು ಯಾರನ್ನು ಹೇಳುತ್ತದೆ ಎಂಬುದನ್ನು ಮೀಮಾಂಸಕರ ರೀತಿಯಲ್ಲಿ ವಿಚಾರಿಸಿದ್ದೇನೆ. ವಿಚಾರವು ಕ್ರಾಂತಿಗೆ ಕಾರಣವಾಗುವುದು ಅದನ್ನು ನುಡಿದವನ ಅಭಿಪ್ರಾಯದ ಬಲದಿಂದಲ್ಲ, ಅವನು ವಿಶೇಷಣವನ್ನು ಹಚ್ಚದೆ ಬಿಟ್ಟ ಪದದ ಬಲದಿಂದ ಎಂಬುದು ನನ್ನ ಪಕ್ಷ.

ಮೊದಲು ಕಾರಣವೆಂಬ ಮಾತನ್ನೇ ನೋಡೋಣ. ಕಾರ್ಯಕ್ಕೆ ನಿಯತವಾಗಿ ಮುಂಚೆ ಇರತಕ್ಕದ್ದು, ಅನ್ಯಥಾಸಿದ್ಧವಲ್ಲದ್ದು ಕಾರಣವೆಂದು ತಾರ್ಕಿಕರ ಲಕ್ಷಣ. ಗಡಿಗೆಗೆ ಮುಂಚೆ ಕುಂಬಾರನ ತಂದೆಯೂ ಇದ್ದನು, ಮಣ್ಣು ಹೊತ್ತ ಕತ್ತೆಯೂ ಇದ್ದಿತು. ಅವು ಗಡಿಗೆಗೆ ಕಾರಣಗಳಲ್ಲ. ಜಾನ್ ಲಾಕನ ‘ಸರಕಾರವನ್ನು ಕುರಿತ ಎರಡು ಪ್ರಬಂಧಗಳು’ ದಂಡಚಕ್ರಗಳ ಸಾಲಿಗೆ ಸೇರತಕ್ಕದ್ದೋ ಕುಂಬಾರನ ತಂದೆಯ ಸಾಲಿಗೋ? ಆ ಗ್ರಂಥವು ಕರ್ತೃವಿನ ಹೆಸರಿಲ್ಲದೆ ೧೬೮೯ರ ಕೊನೆಯಲ್ಲಿ, ಮುಖಪತ್ರದ ಮೇಲೆ ೧೬೯೦ ಎಂಬ ವರ್ಷವನ್ನು ಹೊತ್ತು ಹೊರಬಿದ್ದಿತು. ಇಂಗ್ಲೆಂಡಿನ ಕ್ರಾಂತಿಯಾದರೋ ೧೬೮೮ರಲ್ಲಿಯೇ ಮುಗಿದಿದ್ದಿತು. ಆದುದರಿಂದ ಅದು ಆಗಿಹೋದ ಕಾರ್ಯಕ್ಕೆ ಬರೆದ ಸಮರ್ಥನೆ ಎಂದು ಬಹುಕಾಲ ತಿಳಿದಿದ್ದರು. ಪೀಟರ್ ಲ್ಯಾಸ್ಲೆಟ್ ಎಂಬ ವಿದ್ವಾಂಸನು ೧೯೬೦ರ ತನ್ನ ಪರಿಷ್ಕರಣದಲ್ಲಿ, ಗ್ರಂಥದ ಬಹುಭಾಗವು ಸುಮಾರು ೧೬೭೯–೮೧ರಲ್ಲಿ, ದೊರೆಯ ತಮ್ಮನಾದ ಜೇಮ್ಸನಿಗೆ ಪಟ್ಟವು ದೊರೆಯದಂತೆ ಮಾಡಬೇಕೆಂಬ ಹೋರಾಟದ ಕಾಲದಲ್ಲಿ, ರಚಿತವಾದುದೆಂದು ತೋರಿಸಿದನು. ಹಾಗಾದರೆ ಅದು ಕ್ರಾಂತಿಗಿಂತ ಮುಂಚಿನದಾಯಿತು. ಆದರೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದ ಗ್ರಂಥವು ಹೊರಗಿನ ಕಾರ್ಯವನ್ನು ಹುಟ್ಟಿಸಿತೆನ್ನಲೂ ಆಗದು. ಫ್ರಾನ್ಸಿನ ವಿಷಯದಲ್ಲಿ ಇನ್ನೂ ಸೋಜಿಗವಿದೆ. ದಾನಿಯೆಲ್ ಮೋರ್ನೆ ಎಂಬವನು ಹದಿನೆಂಟನೆಯ ಶತಮಾನದ ೫೦೦ ಖಾಸಗಿ ಪುಸ್ತಕಭಂಡಾರಗಳ ಪಟ್ಟಿಗಳನ್ನು ಹುಡುಕಿ, ರೂಸೋವಿನ ‘ಸಾಮಾಜಿಕ ಒಪ್ಪಂದ’ವು ಒಂದೇ ಒಂದರಲ್ಲಿ ದೊರೆಯಿತೆಂದು ೧೯೧೦ರಲ್ಲಿ ಪ್ರಕಟಿಸಿದನು. ಪಟ್ಟಿ ಮಾಡಿಸುವಷ್ಟು ಪುಸ್ತಕವುಳ್ಳವರು ಧನಿಕರಷ್ಟೆ, ನಿಷಿದ್ಧವಾದುದನ್ನು ಪಟ್ಟಿಯಲ್ಲಿ ಕಾಣಿಸುವರೇ, ಎಂದು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವೂ ಹೌದು. ಆದರೂ ಪ್ರತಿಗಳನ್ನು ಎಣಿಸುವುದರಿಂದ ಈ ವಿವಾದವು ತೀರುವಂತಿಲ್ಲವೆಂಬಷ್ಟು ಇದರಿಂದ ಸಿದ್ಧವಾಗುತ್ತದೆ.

ಅಮೆರಿಕಾ ಘೋಷಣೆಯ ಕಾಲಕ್ರಮವೂ ಇಂಥದೇ. ೧೭೭೫ರ ಏಪ್ರಿಲಿನಲ್ಲಿ ಯುದ್ಧವು ಮೊದಲಾಗಿದ್ದಿತು. ೧೭೭೬ರ ಜನವರಿಯಲ್ಲಿ ಟಾಮಸ್ ಪೇನನ ‘ಕಾಮನ್ ಸೆನ್ಸ್’ ಎಂಬ ಕಿರುಹೊತ್ತಗೆಯು ಅರಸೊತ್ತಿಗೆಯನ್ನೇ ಹಳಿದು ಜನಮನವನ್ನು ತಿರುಗಿಸಿದ್ದಿತು. ಜೂನ್ ೧೧ರಂದು ಫಿಲಡೆಲ್ಫಿಯದ ಮಹಾಸಭೆಯು ಜೆಫರ್ಸನ್, ಆಡಮ್ಸ್, ಫ್ರಾಂಕ್ಲಿನ್, ಷರ್ಮನ್, ಲಿವಿಂಗ್‌ಸ್ಟನ್ ಎಂಬ ಐವರನ್ನು ಘೋಷಣೆಯನ್ನು ಬರೆಯಲು ನಿಯಮಿಸಿತು. ಬರೆದವನು ಮುಖ್ಯವಾಗಿ ಜೆಫರ್ಸನ್ನನು. ಬ್ರಿಟನ್ನಿನಿಂದ ಬೇರ್ಪಡುವ ನಿರ್ಣಯವು ಜುಲೈ ೨ರಂದು ಅಂಗೀಕೃತವಾಯಿತು. ಇಂದಿಗೂ ಹಬ್ಬವನ್ನಾಚರಿಸುವ ಜುಲೈ ೪ ಆ ನಿರ್ಣಯಕ್ಕೆ ಕಾರಣವನ್ನು ಹೇಳುವ ಬರವಣಿಗೆಯು ಒಪ್ಪಿತವಾದ ದಿನ. ಮುಂದಿನವರು ಜುಲೈ ೨ನ್ನೇ ಉತ್ಸವದ ದಿನವನ್ನಾಗಿ ಮಾಡುವರೆಂದು ಆಡಮ್ಸನು ಹೆಂಡತಿಗೆ ಬರೆದಿದ್ದನು; ಹಾಗಾಗಲಿಲ್ಲ. ಕಾರ್ಯವು ನಡೆದ ದಿನವನ್ನು ಲೋಕವು ಮರೆತು, ಹೇತುವನ್ನು ನುಡಿದ ದಿನವನ್ನು ಇಟ್ಟುಕೊಂಡಿತು. ಇದರಿಂದಲೇ ಆ ನುಡಿಗೆ ಬೇರೊಂದು ವ್ಯಾಪಾರವಿದ್ದಿತೆಂದು ಊಹಿಸಬೇಕಾಗಿದೆ.

ಇನ್ನು ಗ್ರಂಥಕ್ಕೆ ಬರೋಣ. ತಾತ್ಪರ್ಯನಿರ್ಣಯಕ್ಕೆ ಉಪಕ್ರಮ-ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳನ್ನು ನಮ್ಮವರು ಹೇಳುತ್ತಾರೆ. ಘೋಷಣೆಯ ಉಪಕ್ರಮದಲ್ಲಿ ಒಂದು ಜನಾಂಗವು ಮತ್ತೊಂದರೊಡನಿದ್ದ ಕಟ್ಟನ್ನು ಕಡಿದುಕೊಳ್ಳಬೇಕಾದಾಗ ಅದರ ಕಾರಣವನ್ನು ಲೋಕಕ್ಕೆ ತಿಳಿಸಬೇಕೆಂದಿದೆ. ಉಪಸಂಹಾರದಲ್ಲಿ ಈ ವಸಾಹತುಗಳು ಸ್ವತಂತ್ರ ರಾಜ್ಯಗಳಾದುವೆಂದಿದೆ. ನಡುವೆ ದೊರೆಯ ಮೇಲೆ ೨೭ ಅಪರಾಧಗಳನ್ನು ಮತ್ತೆ ಮತ್ತೆ ‘ಅವನು’, ‘ಅವನು’ ಎಂದು ಬೆರಳು ತೋರಿಸಿ ಹೇಳಿದೆ, ಇದೇ ಅಭ್ಯಾಸ. ಬೇರ್ಪಡುವುದೇ ಫಲ. ಹೀಗೆ ನೋಡಿದರೆ ಇಡೀ ಗ್ರಂಥವು ಒಂದು ಅನುಮಾನಪ್ರಯೋಗ. ಬೇರ್ಪಡುವುದು ನ್ಯಾಯ್ಯವೆಂಬುದು ಪ್ರತಿಜ್ಞೆ. ದೊರೆಯು ಪೀಡಕನಾದುದು ಹೇತು. ಹಕ್ಕುಗಳನ್ನು ಕಾಪಾಡಲು ಏರ್ಪಟ್ಟ ಸರಕಾರವು ಅವನ್ನೇ ಕೆಡಿಸಿದರೆ ಪ್ರಜೆಗಳು ಅದನ್ನು ತೆಗೆದುಹಾಕಬಹುದೆಂಬುದು ವ್ಯಾಪ್ತಿ. ಈ ವ್ಯಾಪ್ತಿಯು ಲಾಕನ ಎರಡನೆಯ ಪ್ರಬಂಧದ್ದು. ಸಣ್ಣ ತಪ್ಪುಗಳಿಗೆ ಜನರು ದಂಗೆಯೇಳರು, ಒಂದೇ ಕಡೆಗೆ ನಡೆಯುವ ಪೀಡೆಗಳ ದೀರ್ಘ ಸಾಲನ್ನು ಕಂಡಾಗ ಏಳುವರು ಎಂಬ ಅವನ ಮಾತಿನ ಛಾಯೆಯು ಘೋಷಣೆಯಲ್ಲಿ ಪದಗಳ ಮಟ್ಟಕ್ಕೂ ಇಳಿದಿದೆ. ಜೆಫರ್ಸನ್ನನು ಇದನ್ನು ಮುಚ್ಚಿಡಲಿಲ್ಲ. ಹೊಸದನ್ನು ಹೇಳುವುದು ತನ್ನ ಉದ್ದೇಶವಾಗಿರಲಿಲ್ಲವೆಂದೂ ಅರಿಸ್ಟಾಟಲ್, ಸಿಸಿರೋ, ಲಾಕ್, ಸಿಡ್ನಿ ಮೊದಲಾದವರಲ್ಲಿಯೂ ಆ ಕಾಲದ ಮಾತುಕಥೆಯಲ್ಲಿಯೂ ಇದ್ದುದನ್ನೇ ಕೂಡಿಸಿದೆನೆಂದೂ ೧೮೨೫ರಲ್ಲಿ ಒಂದು ಕಾಗದದಲ್ಲಿ ಬರೆದನು. ಅಪೂರ್ವತೆಯೆಂಬ ಲಿಂಗವನ್ನು ಕರ್ತೃವೇ ಬಿಟ್ಟುಕೊಟ್ಟಂತಾಯಿತು.

ಆದರೆ ಒಂದು ಮಾತು ಈ ಪ್ರಯೋಗದಲ್ಲಿ ಹೆಚ್ಚಾಗಿ ಉಳಿಯುತ್ತದೆ. ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟರಾದವರು ಎಂಬ ಪ್ರಸಿದ್ಧ ವಾಕ್ಯವಿಲ್ಲದೆಯೂ ಬೇರ್ಪಡುವುದನ್ನು ಸಾಧಿಸಬಹುದಾಗಿದ್ದಿತು. ೧೭೭೪ರಲ್ಲಿ ಅದೇ ಮಹಾಸಭೆಯು ಹೊರಡಿಸಿದ ನಿರ್ಣಯಗಳಲ್ಲಿ ನಿಸರ್ಗಧರ್ಮದ ಜತೆಗೆ ಇಂಗ್ಲೆಂಡಿನ ರಾಜ್ಯಪದ್ಧತಿಯನ್ನೂ ವಸಾಹತುಗಳ ಸನ್ನದುಗಳನ್ನೂ ಆಧಾರವಾಗಿ ಹೇಳಿದ್ದರು. ಆಂಗ್ಲ ಪ್ರಜೆಗಳಿಗೆ ಸಲ್ಲುವುದು ನಮಗೆ ಸಲ್ಲಲಿಲ್ಲವೆಂದರೆ ವಾದವು ನಿಲ್ಲುತ್ತಿದ್ದಿತು. ಸರ್ವಮನುಷ್ಯರನ್ನು ಎಳೆದುತಂದುದೇಕೆ? ಒಪ್ಪಿಗೆಯಿಲ್ಲದೆ ಯಾರೂ ಯಾರಿಗೂ ಒಡೆಯನಲ್ಲವೆಂಬುದಕ್ಕೆ ಸಮಾನತ್ವವೇ ಬುಡವಲ್ಲವೆ ಎಂದರೆ, ಹೌದು. ಲಾಕನೂ ಹಾಗೆಯೇ ಸಾಧಿಸುತ್ತಾನೆ. ಆದರೆ ಅಷ್ಟು ಆಳದ ಬುಡವು ಈ ಗೋಡೆಗೆ ಬೇಕಾಗಿರಲಿಲ್ಲ.

ಹೀಗೆ ಹೆಚ್ಚಾಗಿ ಉಳಿದುದನ್ನು ಏನು ಮಾಡಬೇಕು? ಇಲ್ಲಿ ಪೂರ್ವಪಕ್ಷವು ಬಹು ಬಲವಾದುದು. ಅದನ್ನು ಹಿಡಿದವನು ಸಾಮಾನ್ಯನಲ್ಲ. ದಾಸ್ಯಪದ್ಧತಿಯ ಪಕ್ಷಪಾತಿಯಾದ ಜಾನ್ ಕಾಲ್ಹೂನನು ೧೮೪೮ರಲ್ಲಿ ಸೆನೆಟ್ ಸಭೆಯಲ್ಲಿ, ಈ ವಾಕ್ಯವು ಸುಳ್ಳೆಂದೂ, ಅನವಶ್ಯಕವಾಗಿ ಘೋಷಣೆಯಲ್ಲಿ ಸೇರಿಕೊಂಡಿತೆಂದೂ, ಬೇರ್ಪಡುವುದಕ್ಕೆ ಅದರಿಂದ ಏನೂ ಆಗಬೇಕಾಗಿರಲಿಲ್ಲವೆಂದೂ ವಾದಿಸಿದನು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಅರ್ಥವಾದ. ಸ್ತುತಿಗಾಗಿ ಬಂದುದು, ಸ್ವಾರ್ಥದಲ್ಲಿ ಪ್ರಮಾಣವಲ್ಲ.

ಇದಕ್ಕೆ ಒಂಬತ್ತು ವರ್ಷಗಳ ಮೇಲೆ ಎರಡನೆಯ ಪೂರ್ವಪಕ್ಷವು ನ್ಯಾಯಾಸನದಿಂದಲೇ ಹೊರಟಿತು. ಡ್ರೆಡ್ ಸ್ಕಾಟ್ ಎಂಬ ದಾಸನ ಮೊಕದ್ದಮೆಯಲ್ಲಿ ೧೮೫೭ರಲ್ಲಿ ತೀರ್ಪು ಹೇಳುತ್ತ, ಶ್ರೇಷ್ಠ ನ್ಯಾಯಾಧಿಪತಿ ರೋಜರ್ ಟಾನಿಯು ಘೋಷಣೆಯ ಪದಗಳನ್ನು ಹಾಗೆಯೇ ಓದಿದರೆ ಮನುಷ್ಯಕುಲವೆಲ್ಲವೂ ಒಳಗೊಳ್ಳುವಂತೆ ತೋರುವುದೆಂದು ಮೊದಲು ಒಪ್ಪಿದನು. ಆಮೇಲೆ, ಬರೆದವರು ದಾಸರನ್ನಿಟ್ಟುಕೊಂಡಿದ್ದವರು, ಅವರು ಆಫ್ರಿಕದವರನ್ನೂ ಸೇರಿಸಿ ಹೇಳಿದ್ದರೆ ಅವರ ನುಡಿಗೂ ನಡೆಗೂ ವಿರೋಧ ಬರುತ್ತಿದ್ದಿತು, ಆದುದರಿಂದ ಅವರು ಸೇರಿಸಿರಲಿಲ್ಲ ಎಂದು ಪದವನ್ನು ಸಂಕೋಚಗೊಳಿಸಿದನು. ನೈಯಾಯಿಕರ ಮತದಲ್ಲಿ ತಾತ್ಪರ್ಯವೆಂದರೆ ವಕ್ತೃವಿನ ಇಚ್ಛೆ. ಟಾನಿಯ ತೀರ್ಪು ಆ ಮತದ ಅತ್ಯಂತ ಕಠೋರವಾದ ಪ್ರಯೋಗ. ಜೆಫರ್ಸನ್ನನ ನಡತೆಯನ್ನೇ ಸಾಕ್ಷಿಯಾಗಿಟ್ಟರೆ ಟಾನಿಯ ವಾದವನ್ನು ಅಲ್ಲಗಳೆಯುವುದು ಸುಲಭವಲ್ಲ. ತನ್ನ ಜೀವಿತಕಾಲದಲ್ಲಿ ೬೦೦ಕ್ಕೂ ಮಿಕ್ಕ ದಾಸರಿಗೆ ಅವನು ಒಡೆಯನಾಗಿದ್ದನು. ಲಾಕನ ಕೈಯೂ ಶುದ್ಧವಲ್ಲ. ೧೬೬೯ರ ಕೆರೊಲಿನದ ಮೂಲಶಾಸನವು ಒಡೆಯನಿಗೆ ನೀಗ್ರೋ ದಾಸರ ಮೇಲೆ ಪೂರ್ಣವಾದ ಅಧಿಕಾರವನ್ನು ಕೊಡುತ್ತದೆ. ಅದರ ರಚನೆಯಲ್ಲಿ ಲಾಕನು ಭಾಗಿಯಾಗಿದ್ದನು, ದಾಸವ್ಯಾಪಾರ ಮಾಡುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಹಣವನ್ನೂ ಹೂಡಿದ್ದನು.

ವಕ್ತೃವಿನ ಇಚ್ಛೆಯೇ ಅರ್ಥವಾದರೆ ಗಿಣಿಯ ಮಾತು ನಮಗೆ ಅರ್ಥವಾಗುವುದು ಹೇಗೆ ಎಂದು ಕೇಳಿದಾಗ ತಾರ್ಕಿಕರು ಈಶ್ವರನ ತಾತ್ಪರ್ಯಕ್ಕೆ ಮೊರೆಹೋಗುತ್ತಾರೆ. ಜೆಫರ್ಸನ್ನನನ್ನು ಗಿಣಿಯೆನ್ನುವುದು ನನ್ನ ಅಭಿಪ್ರಾಯವಲ್ಲ. ಆದರೆ ನುಡಿದವನಿಗಿಂತ ನುಡಿಯು ದೊಡ್ಡದಾಗಿರುವ ಸಂದರ್ಭಗಳುಂಟೆಂದು ಆ ಶಾಸ್ತ್ರದಲ್ಲಿಯೇ ಒಂದು ಬಿರುಕು ಬಿಟ್ಟಿರುವುದನ್ನು ನೆನೆಯಬಹುದು.

ಸಿದ್ಧಾಂತವನ್ನು ಹೇಳುವುದಕ್ಕೆ ಎರಡು ಘೋಷಣೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಫಿಲಡೆಲ್ಫಿಯದ ಘೋಷಣೆಗೆ ಮೂರು ವಾರಗಳ ಮುಂಚೆ, ೧೭೭೬ರ ಜೂನ್ ೧೨ರಂದು, ವರ್ಜೀನಿಯದ ಸಭೆಯು ಜಾರ್ಜ್ ಮೇಸನನು ರಚಿಸಿದ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅದರ ಕರಡಿನಲ್ಲಿಯೂ ಎಲ್ಲ ಮನುಷ್ಯರೂ ಹುಟ್ಟಿನಿಂದ ಸ್ವತಂತ್ರರೆಂಬ ಅರ್ಥದ ಮಾತಿದ್ದಿತು. ಸಭೆಯಲ್ಲಿ ಕೆಲವರು ಬೆದರಿದರು: ಈ ಮಾತು ನಿಂತರೆ ನಮ್ಮ ದಾಸರ ಗತಿಯೇನು? ಆಗ ಒಂದು ಉಪವಾಕ್ಯವನ್ನು ಹಚ್ಚಿದರು. ಜನರು ಸಮಾಜದ ಸ್ಥಿತಿಯನ್ನು ಪ್ರವೇಶಿಸಿದಾಗ ಬಿಟ್ಟುಕೊಡಲಾರದ ಹಕ್ಕುಗಳು ಇವು ಎಂದಾಯಿತು. ದಾಸರು ಆ ಸಮಾಜವನ್ನು ಪ್ರವೇಶಿಸಿದವರಲ್ಲವೆಂದು ಸಮಾಧಾನ ಮಾಡಿಕೊಂಡರು. ವಿಶೇಷಣದ ಶಕ್ತಿ ಎಷ್ಟೆಂಬುದು ಆ ಜಮೀನುದಾರರಿಗೆ ಚೆನ್ನಾಗಿ ತಿಳಿದಿದ್ದಿತು. ಅದೇ ವರ್ಜೀನಿಯದವನಾದ ಜೆಫರ್ಸನ್ನನು ಅದೇ ತಿಂಗಳಲ್ಲಿ ಬರೆಯುವಾಗ ಆ ವಿಶೇಷಣವನ್ನು ಹಚ್ಚಲಿಲ್ಲ. ಮೇಸನನು ಹೆಸರಿಸಿದ್ದ ಆಸ್ತಿಯೆಂಬುದನ್ನೂ ಹಕ್ಕುಗಳ ಪಟ್ಟಿಯಿಂದ ಬಿಟ್ಟು ಸುಖದ ಅನ್ವೇಷಣೆಯನ್ನು ಮಾತ್ರ ಇಟ್ಟುಕೊಂಡನು. ದೊರೆಯು ದಾಸವ್ಯಾಪಾರವನ್ನು ನಡೆಯಗೊಟ್ಟನೆಂದು ಅವನು ಬರೆದಿದ್ದ ಒಂದು ಕಂಡಿಕೆಯನ್ನು ಮಹಾಸಭೆಯು ಹೊಡೆದುಹಾಕಿತು. ದಕ್ಷಿಣ ಕೆರೊಲಿನ, ಜಾರ್ಜಿಯಗಳ ಮನಸ್ಸನ್ನು ನೋಡಿ ಹಾಗೆ ಮಾಡಿದರೆಂದು ಅವನೇ ಬರೆದಿಟ್ಟಿದ್ದಾನೆ. ಆ ಕಂಡಿಕೆಯನ್ನು ಹುಡುಕಿ ಹೊಡೆದವರ ಕಣ್ಣಿಗೆ ‘ಸರ್ವ’ಶಬ್ದವು ಬೀಳಲಿಲ್ಲ. ಬಿದ್ದಿದ್ದರೂ ನಿರಪಾಯವಾದ ಅಲಂಕಾರವೆಂದು ಬಿಟ್ಟಿರಬೇಕು.

ಇದೇ ವಿವಾದವು ನಮ್ಮ ಶಾಸ್ತ್ರದಲ್ಲಿ ಬಹು ಹಿಂದೆಯೇ ನಡೆದಿದೆ. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯವು ಅಧಿಕಾರಾಧ್ಯಾಯ. (ಈಗ ಕನ್ನಡದಲ್ಲಿ ಅಧಿಕಾರವೆಂದರೆ ಆಳುವವನ ಕೈಯಲ್ಲಿರತಕ್ಕದ್ದು, ಆಳಿಸಿಕೊಳ್ಳುವವನ ಕೈಯಲ್ಲಿರತಕ್ಕದ್ದಕ್ಕೆ ಅರಬ್ಬೀ ಮೂಲದ ‘ಹಕ್ಕು’ ಎಂಬ ಪದವನ್ನು ಎರವು ತಂದಿದ್ದೇವೆ. ಮೀಮಾಂಸಕನಿಗಾದರೋ ಅಧಿಕಾರವೆಂದರೆ ಕರ್ಮವನ್ನು ಮಾಡಿ ಅದರ ಫಲವನ್ನು ಪಡೆಯುವುದಕ್ಕೆ ಇರುವ ಬಾಧ್ಯತೆ, ಹಕ್ಕಿಗೆ ಹತ್ತಿರವಾದುದು.) ಸ್ವರ್ಗವನ್ನು ಬಯಸುವವನಿಗೆ ಯಾಗವನ್ನು ವಿಧಿಸುವ ವಾಕ್ಯದಲ್ಲಿ ಸ್ವರ್ಗಕಾಮನೆಂಬ ಪದವು ಪುಲ್ಲಿಂಗದಲ್ಲಿದೆ. ಆದುದರಿಂದ ಗಂಡಸಿಗೆ ಮಾತ್ರ ಅಧಿಕಾರವೆಂದು ಐತಿಶಾಯನನ ಮತ. ಉದ್ದೇಶ್ಯಕ್ಕೆ ಅಂಟಿಕೊಂಡ ಲಿಂಗವು ವಿವಕ್ಷಿತವಲ್ಲ, ಪದವು ಜಾತಿಯನ್ನು ಹೇಳುವುದರಿಂದ ಸ್ತ್ರೀಯೂ ಸೇರುವಳು ಎಂದು ಬಾದರಾಯಣನ ಮತ. ಜೈಮಿನಿಯು ಇದನ್ನೇ ಹಿಡಿದನು, ಪತಿಯೊಡನೆ ಕೂಡಿಯೇ ಮಾಡಬೇಕೆಂಬ ಕಟ್ಟಳೆಯೊಡನೆ. ಮುಂದೆ, ಪದಕ್ಕೆ ಯಾವ ವಿಶೇಷಣವೂ ಇಲ್ಲವಾದುದರಿಂದ ನಾಲ್ಕು ವರ್ಣದವರಿಗೂ ಅಧಿಕಾರವುಂಟೆಂದು ಬಾದರಿಯು ಹೇಳಿದನು. ಇಲ್ಲಿ ಜೈಮಿನಿಯು ಹಿಂದೆಗೆದನು. ಅಗ್ನ್ಯಾಧಾನವನ್ನು ಹೇಳುವ ಬೇರೆ ವಾಕ್ಯದಲ್ಲಿ ಮೂರು ವರ್ಣಗಳ ಹೆಸರು ಮಾತ್ರ ಇದೆಯೆಂಬ ಆತ್ರೇಯನ ಯುಕ್ತಿಯನ್ನು ಹಿಡಿದು ಶೂದ್ರನನ್ನು ಹೊರಗಿಟ್ಟನು. ಪದವು ಕೊಟ್ಟುದನ್ನು ಪ್ರಕರಣಾಂತರದ ವಾಕ್ಯವು ಕಿತ್ತುಕೊಂಡಿತು. ಗುರುಗಳ ಮುಂದೆ ಈ ಅಧಿಕರಣವನ್ನು ನಾವು ಸಿದ್ಧಾಂತಾನುಸಾರವಾಗಿಯೇ ಪಾಠ ಒಪ್ಪಿಸಿದವರು. ಆದರೂ ಬಾದರಿಯ ಯುಕ್ತಿಯು ಸೋತುದು ದೌರ್ಬಲ್ಯದಿಂದಲ್ಲವೆಂದು ನನಗೆ ತೋರುತ್ತದೆ.

ಅಮೆರಿಕದಲ್ಲಿಯೂ ಕಿತ್ತುಕೊಂಡ ವಾಕ್ಯವು ಬೇರೆ ಪ್ರಕರಣದ್ದೇ. ೧೭೮೭ರ ಸಂವಿಧಾನವು ಪ್ರತಿನಿಧಿಗಳ ಲೆಕ್ಕದಲ್ಲಿ ದಾಸರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಮಾತ್ರ ಹಿಡಿಯಿತು. ಓಡಿಹೋದವನನ್ನು ಒಡೆಯನಿಗೆ ಒಪ್ಪಿಸಬೇಕೆಂದಿತು. ಇಷ್ಟನ್ನೂ ದಾಸನೆಂಬ ಪದವನ್ನು ಒಮ್ಮೆಯೂ ಉಚ್ಚರಿಸದೆ, ‘ಇತರ ವ್ಯಕ್ತಿಗಳು’ ಎಂಬಂಥ ಮರೆಮಾತುಗಳಿಂದ ಸಾಧಿಸಿತು. ಟಾನಿಯ ತೀರ್ಪಿಗೆ ಈ ವಾಕ್ಯಗಳೇ ಒರಗುಗಂಬ.

ಆದರೆ ಸರ್ವಶಬ್ದವು ಅಷ್ಟರಲ್ಲಿ ಬೇರೆ ಕಿವಿಗಳಿಗೆ ಬಿದ್ದಿದ್ದಿತು. ಮ್ಯಾಸಚುಸೆಟ್ಸ್ ಸಂಸ್ಥಾನದ ೧೭೮೦ರ ಸಂವಿಧಾನವು ಎಲ್ಲ ಮನುಷ್ಯರೂ ಸ್ವತಂತ್ರರಾಗಿಯೂ ಸಮಾನರಾಗಿಯೂ ಹುಟ್ಟಿದವರೆಂದು ವಿಶೇಷಣವಿಲ್ಲದೆ ಬರೆದುಕೊಂಡಿತು. ಷೆಫೀಲ್ಡ್ ಎಂಬ ಊರಿನಲ್ಲಿ ಆಶ್ಲಿಯೆಂಬವನ ಮನೆಯಲ್ಲಿ ದಾಸಿಯಾಗಿದ್ದ, ಓದುಬರಹವಿಲ್ಲದ ಹೆಂಗಸೊಬ್ಬಳು ೧೭೮೧ರಲ್ಲಿ ತನಗೆ ಬಿಡುಗಡೆಯಾಗಬೇಕೆಂದು ನ್ಯಾಯಾಲಯವನ್ನು ಹೊಕ್ಕಳು. ಘೋಷಣೆಯನ್ನು ಸಭೆಯಲ್ಲಿ ಓದುವುದನ್ನು ಕೇಳಿ, ಮರುದಿನವೇ ಥಿಯೊಡೋರ್ ಸೆಜ್‌ವಿಕ್ ಎಂಬ ವಕೀಲನ ಬಳಿಗೆ ಹೋಗಿ, ಆ ಮಾತು ನನಗೆ ಸಲ್ಲುವುದಿಲ್ಲವೆ ಎಂದು ಕೇಳಿದಳೆಂದು ಆ ವಕೀಲನ ಮಗಳು ಬರೆದಿಟ್ಟಿದ್ದಾಳೆ. ಪಂಚರು ಅವಳ ಪರವಾಗಿ ತೀರ್ಮಾನಿಸಿ ಮೂವತ್ತು ಷಿಲ್ಲಿಂಗುಗಳ ಪರಿಹಾರವನ್ನೂ ಕೊಡಿಸಿದರು. ಅವಳು ಎಲಿಜಬೆತ್ ಫ್ರೀಮನ್ ಎಂಬ ಹೆಸರನ್ನು ತಳೆದಳು. ೧೭೮೩ರಲ್ಲಿ ಕ್ವಾಕ್ ವಾಕರ್ ಎಂಬವನ ಸಂಬಂಧದ ಮೊಕದ್ದಮೆಯಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಧಿಪತಿ ಕುಷಿಂಗನು, ದಾಸ್ಯವು ಈ ಸಂವಿಧಾನಕ್ಕೆ ಹೊಂದದೆಂದು ಪಂಚರಿಗೆ ಉಪದೇಶಿಸಿದನು. ೧೭೯೦ರ ಜನಗಣತಿಯಲ್ಲಿ ಆ ಸಂಸ್ಥಾನದ ಪಟ್ಟಿಯಲ್ಲಿ ದಾಸರ ಸಂಖ್ಯೆಯು ಸೊನ್ನೆ. ಆ ದಾಸಿಯು ಲಾಕನನ್ನು ಓದಿದವಳಲ್ಲ, ಜೆಫರ್ಸನ್ನನ ಮನೋಗತವನ್ನು ಕಂಡವಳಲ್ಲ. ಪದವನ್ನು ಕೇಳಿದಳು; ತಾನು ಅದರ ಒಳಗಿದ್ದೇನೆಂದು ಕಂಡಳು. ಬಾದರಿಗೆ ಇದಕ್ಕಿಂತ ಒಳ್ಳೆಯ ಶಿಷ್ಯರು ದೊರೆಯಲಾರರು.

ಕಾಲ್ಹೂನನ ಅರ್ಥವಾದಪಕ್ಷಕ್ಕೆ ಉತ್ತರವು ೧೮೫೭ರಲ್ಲಿಯೇ ಲಿಂಕನನಿಂದ ಬಂದಿತು. ಟಾನಿಯ ತೀರ್ಪನ್ನು ಖಂಡಿಸಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಮಾಡಿದ ಭಾಷಣದಲ್ಲಿ ಅವನು ಪೂರ್ವಪಕ್ಷದ ಅರ್ಧವನ್ನು ಒಪ್ಪಿಕೊಳ್ಳುತ್ತಾನೆ: ಸಮಾನತ್ವದ ವಾಕ್ಯದಿಂದ ಬ್ರಿಟನ್ನಿನಿಂದ ಬೇರ್ಪಡುವುದಕ್ಕೆ ಯಾವ ಪ್ರಯೋಜನವೂ ಇರಲಿಲ್ಲ. ಹಾಗಿದ್ದರೂ ಇಟ್ಟಿದ್ದಾರೆ, ಆದುದರಿಂದ ಮುಂದಿನ ಪ್ರಯೋಜನಕ್ಕಾಗಿಯೇ ಇಟ್ಟಿರಬೇಕು. ಇದನ್ನು ಓದಿದಾಗ ವೈಯಾಕರಣನಿಗೆ ರೋಮಾಂಚವಾಗದಿರದು. ಪಾಣಿನಿಯ ಸೂತ್ರದಲ್ಲಿ ಒಂದು ಪದವು ವ್ಯರ್ಥವೆಂದು ತೋರಿದರೆ ಅದನ್ನು ನಾವು ಎಸೆಯುವುದಿಲ್ಲ. ವ್ಯರ್ಥವಾದುದೇ ಯಾವುದೋ ಒಂದು ಪರಿಭಾಷೆಯನ್ನು ಜ್ಞಾಪಿಸುತ್ತದೆಂದು ಹೇಳುತ್ತೇವೆ. ಹೊಲಮನೆಗಳ ನಡುವೆ ಬೆಳೆದು, ಎಲ್ಲ ಸೇರಿಸಿದರೂ ಒಂದು ವರ್ಷವಾಗುವಷ್ಟು ಶಾಲೆಯನ್ನು ಕಾಣದ ಲಿಂಕನನು ಜ್ಞಾಪಕನ್ಯಾಯವನ್ನು ತಾನೇ ಕಂಡುಕೊಂಡನು. ಅವನು ಕರ್ತೃಗಳ ಉದ್ದೇಶವನ್ನು ಎತ್ತಿ ಹೇಳುವುದು ಸಭೆಗೆ ಹಿತವಾಗಲೆಂದು. ವಾದದ ಬಲವು ಉದ್ದೇಶದಲ್ಲಿಲ್ಲ, ಪದದ ಹೆಚ್ಚಳದಲ್ಲಿದೆ. ದಾಸ್ಯವನ್ನು ತೆಗೆದ ತಿದ್ದುಪಡಿಯು ೧೮೬೫ರಲ್ಲಿಯೂ, ಸಮಾನ ರಕ್ಷಣೆಯ ತಿದ್ದುಪಡಿಯು ೧೮೬೮ರಲ್ಲಿಯೂ ಬಂದುವು. ನಡುವೆ ನಾಲ್ಕು ವರ್ಷಗಳ ಅಂತರ್ಯುದ್ಧವಿದ್ದಿತೆಂಬುದನ್ನು ಮರೆಯಬಾರದು. ವಾಕ್ಯಾರ್ಥವು ತಾನಾಗಿಯೇ ಕೈಗೂಡಲಿಲ್ಲ.

ಫ್ರಾನ್ಸಿನ ಕಥೆಯು ಇದೇ ನ್ಯಾಯಕ್ಕೆ ಮತ್ತೊಂದು ನಿದರ್ಶನ. ಆಗ ಪ್ಯಾರಿಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದವನು ಜೆಫರ್ಸನ್ನನೇ. ಅವನೊಡನೆ ಆಲೋಚಿಸಿ ಲಫಾಯೆತನು ಒಂದು ಕರಡನ್ನು ೧೭೮೯ರ ಜುಲೈ ೧೧ರಂದು ಸಭೆಯ ಮುಂದಿಟ್ಟನು. ಆಗಸ್ಟ್ ೨೬ರಂದು ೧೭ ವಿಧಿಗಳ ಘೋಷಣೆಯು ಸಿದ್ಧವಾಯಿತು. ಅದರಲ್ಲಿ ರೂಸೋವಿನ ಸಾಮಾನ್ಯಸಂಕಲ್ಪವೂ ಮ್ಯಾಂಟೆಸ್ಕ್ಯೂವಿನ ಅಧಿಕಾರವಿಭಜನೆಯೂ ಲಾಕನ ಆಸ್ತಿಯೂ ಎಳ್ಳು ಅಕ್ಕಿ ಬೆರೆತಂತೆ ಬೇರೆಬೇರೆಯಾಗಿಯೇ ಕಾಣುತ್ತವೆ. ಆದರೆ ಅದರ ತಲೆಬರಹದಲ್ಲಿಯೇ ಒಂದು ಬಾಗಿಲನ್ನು ತೆರೆದಿಟ್ಟಿದ್ದರು: ಮನುಷ್ಯನ ಹಕ್ಕುಗಳು, ನಾಗರಿಕನ ಹಕ್ಕುಗಳು ಎಂದು ಎರಡು ಪದ. ಆ ಸಂದಿಯಲ್ಲಿ ಸಿಯೆಯೆಸನು ಸಕ್ರಿಯ ನಾಗರಿಕ, ನಿಷ್ಕ್ರಿಯ ನಾಗರಿಕ ಎಂಬ ಭೇದವನ್ನು ತೂರಿಸಿದನು. ಮೂರು ದಿನದ ಕೂಲಿಯಷ್ಟು ತೆರಿಗೆಯನ್ನು ಕೊಡುವ ಗಂಡಸಿಗೆ ಮಾತ್ರ ಮತ ಸಲ್ಲತಕ್ಕದ್ದೆಂದು ಅದೇ ವರ್ಷದ ಕೊನೆಗೆ ಕಾನೂನಾಯಿತು. ಓಲಾಂಪ್ ದ ಗೂಜ್ ಎಂಬ ಲೇಖಕಿಯು ೧೭೯೧ರಲ್ಲಿ ಹದಿನೇಳಕ್ಕೆ ಹದಿನೇಳು ವಿಧಿಗಳನ್ನು ಸ್ತ್ರೀಯ ಹೆಸರಿನಲ್ಲಿ ಮತ್ತೆ ಬರೆದಳು. ೧೭೯೩ರ ನವೆಂಬರಿನಲ್ಲಿ ಅವಳ ತಲೆಯನ್ನು ಹೊಡೆದರು.

ಆ ಸಂದಿಯನ್ನೂ ಒಡೆದುಕೊಂಡು ಹೋದುದು ಫ್ರೆಂಚರ ವಸಾಹತಾಗಿದ್ದ ಸ್ಯಾಂ ದೊಮಾಂಗ್. ಅಲ್ಲಿ ಸುಮಾರು ೫,೦೦,೦೦೦ ದಾಸರೂ ೩೦,೦೦೦ ಬಿಳಿಯರೂ, ಬಿಳಿಯರಿಗೆ ತುಸು ಕಡಿಮೆ ಸಂಖ್ಯೆಯ ಸ್ವತಂತ್ರ ವರ್ಣೀಯರೂ ಇದ್ದರು. ಮೊದಲು ಎದ್ದವನು ಸ್ವತಂತ್ರ ವರ್ಣೀಯರ ಮುಂದಾಳಾದ ವಿನ್ಸೆಂಟ್ ಓಜೆ. ೧೭೯೦ರಲ್ಲಿ ಪ್ಯಾರಿಸಿನಿಂದ ಮರಳಿದ ಅವನು ತನ್ನವರಿಗೆ ಹಕ್ಕನ್ನು ಕೇಳಿದನು. ದಾಸರನ್ನು ಇದರಲ್ಲಿ ಸೇರಿಸುತ್ತಿಲ್ಲವೆಂದು ತಾನೇ ಸ್ಪಷ್ಟಪಡಿಸಿದನು. ಅವನನ್ನು ಚಕ್ರಕ್ಕೆ ಕಟ್ಟಿ ಮುರಿದು ಕೊಂದರು. ೧೭೯೧ರ ಆಗಸ್ಟ್ ೨೨ರ ರಾತ್ರಿ ಉತ್ತರದ ಬಯಲಿನಲ್ಲಿ ದಾಸರೇ ಎದ್ದರು. ಇವರನ್ನು ಎಬ್ಬಿಸಿದುದು ಪ್ಯಾರಿಸಿನ ಘೋಷಣೆಯೆಂದರೆ ಅತ್ಯುಕ್ತಿಯಾದೀತು. ಅವರಲ್ಲಿ ಬಹುಮಂದಿ ಆಫ್ರಿಕದಲ್ಲಿಯೇ ಹುಟ್ಟಿದವರು. ಕಬ್ಬಿನ ತೋಟದ ಚಾಟಿಯು ಯಾವ ಗ್ರಂಥವನ್ನೂ ಬೇಡದು. ಒಡೆಯರು ತಮ್ಮತಮ್ಮಲ್ಲಿ ಒಡೆದುಹೋಗಿದ್ದುದು ಅವರಿಗೆ ದೊರೆತ ಸಮಯ. ಆದರೆ ಎದ್ದ ಮೇಲೆ ಕೇಳಿದುದೇನು, ಪ್ಯಾರಿಸಿನವರು ಉತ್ತರ ಕೊಡಲಾರದೆ ಒಪ್ಪಬೇಕಾದುದೇಕೆ ಎಂಬಲ್ಲಿ ಪದದ ಕೈವಾಡವು ಕಾಣುತ್ತದೆ. ೧೭೯೩ರ ಆಗಸ್ಟಿನಲ್ಲಿ ವಸಾಹತಿನ ಉತ್ತರಭಾಗದಲ್ಲಿ ಸೋಂತೊನಾ ಎಂಬ ಅಧಿಕಾರಿಯು ಬಿಡುಗಡೆಯನ್ನು ಸಾರಬೇಕಾಯಿತು. ೧೭೯೪ರ ಫೆಬ್ರವರಿ ೪ರಂದು, ಹಿಂದೆ ದಾಸನಾಗಿದ್ದ ಬೆಲ್ಲೆಯೆಂಬವನು ಪ್ರತಿನಿಧಿಯಾಗಿ ಕುಳಿತಿದ್ದ ಸಭೆಯಲ್ಲಿ, ಫ್ರೆಂಚರ ಎಲ್ಲ ವಸಾಹತುಗಳಲ್ಲಿಯೂ ದಾಸ್ಯವನ್ನು ತೆಗೆದುಹಾಕಿದರು. ೧೮೦೧ರ ಕೊನೆಯಲ್ಲಿ ಬೊನಪಾರ್ಟನು ಮಾತನ್ನು ಹಿಂದೆಗೆದುಕೊಳ್ಳಲೆತ್ನಿಸಿ ಸೈನ್ಯವನ್ನು ಕಳುಹಿದನು. ೧೮೦೪ರ ಜನವರಿ ೧ರಂದು ದೆಸ್ಸಲೀನನು ಹೈತಿಯ ಸ್ವಾತಂತ್ರ್ಯವನ್ನು ಸಾರಿದನು. ಸರ್ವಶಬ್ದವನ್ನು ಮೊದಲು ನುಡಿದ ಅಮೆರಿಕಾ ಸರಕಾರವು ಆ ರಾಜ್ಯವನ್ನು ರಾಜ್ಯವೆಂದು ಒಪ್ಪಿದುದು ೧೮೬೨ರಲ್ಲಿ. ಫ್ರಾನ್ಸು ೧೮೨೫ರಲ್ಲಿಯೇ ಒಪ್ಪಿತು, ೧೫ ಕೋಟಿ ಫ್ರಾಂಕುಗಳನ್ನು ಪರಿಹಾರವೆಂದು ಹೇರಿ.

ಓಜೆಯ ಉದಾಹರಣೆಯನ್ನು ಬಿಡಿಸಿ ನೋಡಬೇಕು. ಪದವನ್ನು ತನ್ನವರೆಗೆ ಹಿಗ್ಗಿಸುವವನು ತನ್ನ ಹೊಸಲಿನಲ್ಲಿ ಅದನ್ನು ನಿಲ್ಲಿಸಲು ಬಯಸುತ್ತಾನೆ. ೧೮೪೮ರ ಜುಲೈಯಲ್ಲಿ ಸೆನೆಕಾ ಫಾಲ್ಸ್ ಎಂಬ ಊರಿನಲ್ಲಿ ಎಲಿಜಬೆತ್ ಕೇಡಿ ಸ್ಟಾಂಟನಳು ಜೆಫರ್ಸನ್ನನ ವಾಕ್ಯಕ್ಕೆ ಸ್ತ್ರೀಯರನ್ನೂ ಸೇರಿಸಿ ಘೋಷಣೆಯೊಂದನ್ನು ಓದಿದಳು. ೬೮ ಹೆಂಗಸರೂ ೩೨ ಗಂಡಸರೂ ಅದಕ್ಕೆ ರುಜು ಹಾಕಿದರು. ಅವಳೇ ಅಂತರ್ಯುದ್ಧದ ಮೇಲೆ, ಸ್ತ್ರೀಯರಿಗಿಲ್ಲದ ಮತವನ್ನು ಬಿಡುಗಡೆಯಾದ ಗಂಡಸರಿಗೆ ಕೊಡುವ ತಿದ್ದುಪಡಿಯನ್ನು ವಿರೋಧಿಸಿದಳು. ಪದವಾದರೋ ಯಾರ ಹೊಸಲಿನಲ್ಲಿಯೂ ನಿಲ್ಲಲಿಲ್ಲ.

ಕೊನೆಗೆ ಕನ್ನಡದ ಉಪಾಧ್ಯಾಯರಿಗೆ ಸಂಬಂಧಪಟ್ಟ ಒಂದು ಮಾತುಂಟು. ಘೋಷಣೆಯ ಇಂಗ್ಲಿಷ್ ಪದವು ಗಂಡಸರೆಂದೂ ಮನುಷ್ಯರೆಂದೂ ಎರಡು ಅರ್ಥವನ್ನು ಹೊತ್ತದ್ದು. ಅದರ ಜಗಳವೆಲ್ಲ ಆ ಎರಡರ ನಡುವೆಯೇ ನಡೆಯಿತು. ನಾವು ‘ಎಲ್ಲ ಮನುಷ್ಯರೂ’ ಎಂದು ಅನುವಾದಿಸಿದೊಡನೆ ಐತಿಶಾಯನನನ್ನು ಸದ್ದಿಲ್ಲದೆ ಸೋಲಿಸಿಬಿಡುತ್ತೇವೆ. ವಿದ್ಯಾರ್ಥಿಗೆ ವಿವಾದವಿದ್ದುದೇ ತಿಳಿಯುವುದಿಲ್ಲ. ಅದಕ್ಕಿಂತ ಹೆಚ್ಚಿನ ತೊಡಕೆಂದರೆ, ಸ್ಟಾಂಟನಳ ವಾಕ್ಯವು ಕನ್ನಡಕ್ಕೆ ಬಾರದೇ ಹೋಗುತ್ತದೆ. ಎಲ್ಲ ಮನುಷ್ಯರೂ ಸ್ತ್ರೀಯರೂ ಎಂದರೆ ಸ್ತ್ರೀಯರು ಮನುಷ್ಯರಲ್ಲವೆಂಬ ವಿಪರೀತಾರ್ಥವುಂಟಾಗುವುದು. ‘ಪುರುಷ’ಶಬ್ದವನ್ನು ಬಳಸಿದರೆ ಈ ತೊಡಕು ನೀಗುತ್ತದೆಂದು ನನ್ನ ಸೂಚನೆ. ಪುರುಷನೆಂದರೆ ಗಂಡಸೂ ಹೌದು. ಸಾಂಖ್ಯರಿಗೆ ಅದು ಲಿಂಗಭೇದವಿಲ್ಲದ ಚೇತನ. ಪುರುಷಾರ್ಥಗಳು ನಾಲ್ಕೂ ಸ್ತ್ರೀಗೆ ಇಲ್ಲವೆಂದು ಯಾರೂ ಅನ್ನರು. ಜೆಫರ್ಸನ್ನನಿಗೆ ‘ಪುರುಷರೆಲ್ಲರೂ’, ಸ್ಟಾಂಟನಳಿಗೆ ‘ಪುರುಷರೂ ಸ್ತ್ರೀಯರೂ ಎಲ್ಲರೂ’ ಎಂದು ಇಟ್ಟುಕೊಂಡು ಪಾಠ ಹೇಳಿದರೆ, ಎರಡು ವಾಕ್ಯಗಳ ನಡುವಣ ೭೨ ವರ್ಷಗಳ ದಾರಿಯು ತರಗತಿಯಲ್ಲಿ ಎರಡು ಪದಗಳ ಅಂತರದಲ್ಲಿಯೇ ಕಾಣಿಸಿಕೊಳ್ಳುತ್ತದೆ.